ಕೋಶಿಯೆನ್ನಿನ ಕಪ್ಪು ಮಣ್ಣು, ಹುಡುಗರ ಮೊಣಕೈ

ಮೂವತ್ತು ವರ್ಷದ ಮೇಷ್ಟ್ರಗಿರಿಯಲ್ಲಿ ಆಗಸ್ಟ್ 15ರ ಬೆಳಿಗ್ಗೆ ನಾನು ಶಾಲೆಯ ಧ್ವಜಸ್ತಂಭದ ಮುಂದೆ ಇಲ್ಲದೇ ಹೋದದ್ದು ಒಂದೇ ಸಲ. ಅದು 2024ರಲ್ಲಿ. ಜಪಾನಿನ ಕೋಬೆ ನಗರದಲ್ಲಿ ಕೆಲಸದಲ್ಲಿರುವ ನನ್ನ ತಮ್ಮನ ಮಗ ನಾಲ್ಕು ವರ್ಷದಿಂದ ಕರೆಯುತ್ತಲೇ ಇದ್ದ. ಆ ವರ್ಷ ಗಳಿಕೆ ರಜೆ ಹಾಕಿ ಹೊರಟೇಬಿಟ್ಟೆ. ದೇವಸ್ಥಾನ, ಉದ್ಯಾನ, ಬುಲೆಟ್ ರೈಲು ಎಲ್ಲ ನೋಡಿಯಾದ ಮೇಲೆ ಅವನು ಕೇಳಿದ: ‘ದೊಡ್ಡಪ್ಪ, ನೀವು ಶಾಲೆಯ ಮೇಷ್ಟ್ರು. ಹೈಸ್ಕೂಲು ಹುಡುಗರ ಆಟ ನೋಡಲು ಇಡೀ ಒಂದು ದೇಶ ಕೆಲಸ ಬಿಟ್ಟು ಕೂರುವುದನ್ನು ನೋಡಿದ್ದೀರಾ?’

ನೋಡಿರಲಿಲ್ಲ. ನಮ್ಮ ತಾಲ್ಲೂಕು ಮಟ್ಟದ ಪಂದ್ಯಾವಳಿಗೆ ಹುಡುಗರ ತಂದೆ ತಾಯಿಯೇ ಬರುವುದು ಅಪರೂಪ. ಸರಿ, ನಡಿ ಎಂದೆ.

ಕೋಬೆಯ ಸನ್ನೊಮಿಯಾ ನಿಲ್ದಾಣದಿಂದ ಹಾನ್‌ಶಿನ್ ಕಂಪನಿಯ ರೈಲು ಹತ್ತಿದರೆ ಸುಮಾರು ಇಪ್ಪತ್ತು ನಿಮಿಷದ ದಾರಿ. ಒಂದು ಕಡೆ ರೊಕ್ಕೊ ಬೆಟ್ಟಗಳ ಸಾಲು, ಇನ್ನೊಂದು ಕಡೆ ಕಾಣದಿದ್ದರೂ ಗಾಳಿಯಲ್ಲೇ ಗೊತ್ತಾಗುವ ಸಮುದ್ರ. ಬೆಳಿಗ್ಗೆ ಏಳೂವರೆಗೇ ಡಬ್ಬಿ ತುಂಬ ಜನ. ಟೋಪಿ ಹಾಕಿದ ಅಜ್ಜಂದಿರು, ಕೊರಳಿಗೆ ಒದ್ದೆ ಟವೆಲು ಸುತ್ತಿಕೊಂಡ ಗೃಹಿಣಿಯರು, ಒಂದೇ ಬಣ್ಣದ ಅಂಗಿ ತೊಟ್ಟ ಶಾಲಾ ಹುಡುಗಿಯರು. ಎಲ್ಲರೂ ಇಳಿದದ್ದು ಒಂದೇ ಕಡೆ: ಕೋಶಿಯೆನ್.

ಅರವತ್ತರ ಮೊದಲನೆಯದು

ಹ್ಯೋಗೊ ಪ್ರಾಂತದ ನಿಶಿನೊಮಿಯಾ ಊರಿನಲ್ಲಿರುವ ಈ ಬೇಸ್‌ಬಾಲ್ ಕ್ರೀಡಾಂಗಣ ತೆರೆದದ್ದು 1924ರ ಆಗಸ್ಟ್ 1ರಂದು. ನಾನು ಹೋದಾಗ ಅದಕ್ಕೆ ಸರಿಯಾಗಿ ನೂರು ತುಂಬಿತ್ತು. ಹೆಸರಿನ ಕಥೆ ನಮಗೆ ಸುಲಭವಾಗಿ ಅರ್ಥವಾಗುವಂಥದ್ದು. ನಮ್ಮಲ್ಲಿ ಪ್ರಭವ, ವಿಭವ ಎಂದು ಅರವತ್ತು ಸಂವತ್ಸರಗಳ ಚಕ್ರ ಇರುವಂತೆ ಅವರಲ್ಲೂ ಅರವತ್ತು ವರ್ಷಗಳ ಚಕ್ರವಿದೆ. ಅದರಲ್ಲಿ ಮೊದಲನೆಯ ವರ್ಷದ ಹೆಸರು ‘ಕೋಶಿ’. 1924 ಆ ವರ್ಷವಾಗಿತ್ತು. ‘ಎನ್’ ಎಂದರೆ ಉದ್ಯಾನ. ಶುಭ ವರ್ಷದಲ್ಲಿ ಕಟ್ಟಿದ ಉದ್ಯಾನ ಕೋಶಿಯೆನ್.

ಹೊರಗೋಡೆಯ ಮೇಲೆ ಹಸಿರು ಬಳ್ಳಿ ಹಬ್ಬಿದೆ. ಒಳಗೆ ಸುಮಾರು 47 ಸಾವಿರ ಜನ ಕೂರಬಹುದು. ಇದು ಹಾನ್‌ಶಿನ್ ಟೈಗರ್ಸ್ ಎಂಬ ವೃತ್ತಿಪರ ತಂಡದ ಮನೆ. ಆದರೆ ಆಗಸ್ಟ್ ಬಂತೆಂದರೆ ದುಡ್ಡು ಗಳಿಸುವ ಆ ತಂಡವೇ ಗಂಟುಮೂಟೆ ಕಟ್ಟಿಕೊಂಡು ಬೇರೆ ಊರುಗಳಿಗೆ ಹೋಗಿ ಆಡುತ್ತದೆ. ಮೈದಾನವನ್ನು ಶಾಲಾ ಹುಡುಗರಿಗೆ ಬಿಟ್ಟುಕೊಡುತ್ತದೆ. 1915ರಲ್ಲಿ ಆರಂಭವಾದ ಈ ಪಂದ್ಯಾವಳಿ 1924ರಿಂದ ಇಲ್ಲಿ ನಡೆಯುತ್ತಿದೆ. ಪ್ರತಿ ಪ್ರಾಂತದಿಂದ ಒಂದು, ಟೋಕಿಯೊ ಮತ್ತು ಹೊಕ್ಕೈದೊಗಳಿಂದ ಎರಡೆರಡು, ಒಟ್ಟು 49 ಶಾಲೆಗಳು. ಒಂದು ಸಲ ಸೋತರೆ ಮನೆಗೆ. ಎರಡನೆಯ ಅವಕಾಶವಿಲ್ಲ.

ಪ್ಲಾಸ್ಟಿಕ್ ಚೀಲದಲ್ಲಿ ಪುಡಿ ಐಸು ತುಂಬಿ ಸ್ಟ್ರಾ ಹಾಕಿ ಮಾರುತ್ತಿದ್ದರು. ‘ಕಚಿವರಿ’ ಎಂದು ಹೆಸರು. ಮೊದಲು ತಲೆಯ ಮೇಲಿಟ್ಟುಕೊಂಡು ಆಮೇಲೆ ಕರಗಿದ ನೀರು ಕುಡಿಯುವುದು ಕ್ರಮ. ನಾವೂ ಹಾಗೇ ಮಾಡಿದೆವು. ಬಿಸಿಲು ಅಂಥದ್ದು. ಸೆಕೆಗೆ ಹೆದರಿ 2023ರಿಂದ ಪಂದ್ಯದ ನಡುವೆ, ಐದನೆಯ ಇನಿಂಗ್ಸ್ ಮುಗಿದಾಗ, ಹುಡುಗರಿಗೆ ತಣ್ಣಗಾಗಲು ಬಿಡುವು ಕೊಡುತ್ತಾರೆ.

ಪಕ್ಕದ ಅಜ್ಜನ ನೋಟ್‌ಬುಕ್ಕು

ಬೇಸ್‌ಬಾಲ್ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಕ್ರಿಕೆಟ್ಟಿನಲ್ಲಿ ಆರು ಚೆಂಡಿಗೆ ಓವರ್ ಮುಗಿಯುತ್ತದೆ, ಚೆಂಡು ಇನ್ನೊಬ್ಬನ ಕೈಗೆ ಹೋಗಲೇಬೇಕು. ಬೇಸ್‌ಬಾಲಿನಲ್ಲಿ ಓವರ್ ಎಂಬುದೇ ಇಲ್ಲ. ‘ಪಿಚರ್’ ಎಂಬ ಒಬ್ಬ ಹುಡುಗ ಮಣ್ಣಿನ ಸಣ್ಣ ದಿಬ್ಬದ ಮೇಲೆ ನಿಂತು 18.44 ಮೀಟರ್ ದೂರದ ಬ್ಯಾಟುಗಾರನತ್ತ ಚೆಂಡು ಎಸೆಯುತ್ತಾನೆ. ನೆಲಕ್ಕೆ ಪುಟಿಸುವಂತಿಲ್ಲ. ಮೊಣಕೈ ಮಡಚಿ, ಚಾಟಿ ಬೀಸಿದ ಹಾಗೆ ಬೀಸಬೇಕು. ಎದುರಾಳಿಯ ಮೂವರು ಔಟಾಗುವವರೆಗೆ ಅವನೇ ಎಸೆಯಬಹುದು. ಹಾಗೆ ಒಂಬತ್ತು ಇನಿಂಗ್ಸ್. ತರಬೇತುದಾರ ಬದಲಾಯಿಸದಿದ್ದರೆ ಒಬ್ಬನೇ ಹುಡುಗ ಒಂದು ಪಂದ್ಯದಲ್ಲಿ ನೂರಿಪ್ಪತ್ತು, ನೂರೈವತ್ತು ಚೆಂಡು ಎಸೆಯುವುದುಂಟು.

ನನ್ನ ಎಡಕ್ಕೆ ಕೂತಿದ್ದ ಒಬ್ಬ ಅಜ್ಜ ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಪ್ರತಿ ಚೆಂಡಿಗೂ ಏನೋ ಗೀಚುತ್ತಿದ್ದರು. ಇಣುಕಿದೆ. ಐದು ಗೆರೆಯ ಒಂದು ಅಕ್ಷರ. ಒಂದು ಚೆಂಡಿಗೆ ಒಂದು ಗೆರೆ. ಐದಾದಾಗ ಅಕ್ಷರ ಪೂರ್ಣ, ಪಕ್ಕದಲ್ಲಿ ಹೊಸ ಅಕ್ಷರ ಶುರು. ನಾವು ನಾಲ್ಕು ಕಡ್ಡಿ ಎಳೆದು ಐದನೆಯದನ್ನು ಅಡ್ಡ ಹೊಡೆಯುವುದಿಲ್ಲವೆ, ಹಾಗೆಯೇ. ಆ ಅಕ್ಷರದ ಅರ್ಥ ‘ಸರಿ’ ಎಂದಂತೆ. ತಮ್ಮನ ಮಗ ಅವರನ್ನು ಮಾತಾಡಿಸಿ ನನಗೆ ಹೇಳಿದ: ‘ಅಜ್ಜ ಮೊದಲೆಲ್ಲ ರನ್ ಬರೆದುಕೊಳ್ಳುತ್ತಿದ್ದರಂತೆ. ಈಗ ಚೆಂಡು ಲೆಕ್ಕ ಹಾಕುತ್ತಾರಂತೆ.’

ಯಾಕೆ ಎಂದು ಕೇಳಬೇಕೆನ್ನುವಷ್ಟರಲ್ಲಿ ಗಡಿಯಾರ ಹನ್ನೆರಡು ತೋರಿಸಿತು. ಆಟ ನಿಂತಿತು. ಆಟಗಾರರು ಇದ್ದಲ್ಲೇ ಟೋಪಿ ತೆಗೆದು ತಲೆ ತಗ್ಗಿಸಿದರು. ಇಡೀ ಕ್ರೀಡಾಂಗಣ ಎದ್ದು ನಿಂತಿತು. ಸೈರನ್ ಒಂದೇ ಸಮನೆ ಕೂಗಿತು. 1945ರ ಆಗಸ್ಟ್ 15ರ ಮಧ್ಯಾಹ್ನ ಜಪಾನಿನ ಯುದ್ಧ ಮುಗಿದ ಸುದ್ದಿ ಜನರಿಗೆ ಬಂದ ಗಳಿಗೆ ಅದು. ಪ್ರತಿ ವರ್ಷ ಆ ದಿನ ಇಲ್ಲಿ ಒಂದು ನಿಮಿಷ ಮೌನ. ನಮ್ಮ ಊರಿನಲ್ಲಿ ಮಕ್ಕಳಿಗೆ ಲಾಡು ಹಂಚಿ ಮುಗಿದಿರಬಹುದಾದ ಹೊತ್ತಿಗೆ ನಾನು ಬೇರೊಂದು ದೇಶದ ನೆನಪಿಗೆ ತಲೆಬಾಗಿ ನಿಂತಿದ್ದೆ. ಎದುರಿಗಿದ್ದವರೆಲ್ಲ ಹದಿನಾರು, ಹದಿನೇಳರ ಹುಡುಗರು. ಹಿರಿಯರು ಮಾಡಿದ ತಪ್ಪಿಗೆ ಆ ಪ್ರಾಯದ ಎಷ್ಟು ಮಂದಿ ಬೆಲೆ ತೆತ್ತರೋ ಎಂದುಕೊಂಡೆ.

ಮೌನ ಮುಗಿಯಿತು, ಆಟ ಮತ್ತೆ ಶುರುವಾಯಿತು. ಅಜ್ಜ ಮುಂದಿನ ಗೆರೆ ಎಳೆದರು.

ಲೆಕ್ಕ ಶುರುವಾದದ್ದು ಹೇಗೆ

ಪಂದ್ಯಗಳ ನಡುವಿನ ಬಿಡುವಿನಲ್ಲಿ ಮತ್ತು ಮರುದಿನ ಕ್ರೀಡಾಂಗಣದ ಪಕ್ಕದಲ್ಲೇ ಇರುವ ವಸ್ತುಸಂಗ್ರಹಾಲಯದಲ್ಲಿ ನಾನು ತಿಳಿದುಕೊಂಡದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತೇನೆ. ಕೋಶಿಯೆನ್ನಿನ ಇತಿಹಾಸ ಒಂದು ಕಡೆಯಿಂದ ನೋಡಿದರೆ ವೀರಗಾಥೆ; ಇನ್ನೊಂದು ಕಡೆಯಿಂದ ನೋಡಿದರೆ ಒಂದೊಂದಾಗಿ ಬಂದ ಮಿತಿಗಳ ಪಟ್ಟಿ.

1933ರ ಆಗಸ್ಟ್‌ನಲ್ಲಿ ಚುಕ್ಯೊ ಮತ್ತು ಅಕಾಶಿ ಶಾಲೆಗಳ ನಡುವಿನ ಸೆಮಿಫೈನಲ್ ಒಂಬತ್ತು ಇನಿಂಗ್ಸ್‌ಗೆ ಮುಗಿಯದೆ 25 ಇನಿಂಗ್ಸ್ ನಡೆಯಿತು. ಚುಕ್ಯೊದ ಪಿಚರ್ ಯೋಶಿದಾ ಮಸಾವೊ ಒಬ್ಬನೇ 336 ಚೆಂಡು ಎಸೆದ. 1958ರಲ್ಲಿ ಬಾಂದೊ ಎಇಜಿ ಎಂಬ ಹುಡುಗ ಶಿಕೋಕು ವಲಯದ ಪಂದ್ಯಗಳಲ್ಲಿ ಒಂದು ದಿನ 16 ಇನಿಂಗ್ಸ್, ಮರುದಿನವೇ 25 ಇನಿಂಗ್ಸ್ ಎಸೆದ. ಇದು ಅತಿಯಾಯಿತೆಂದು 18 ಇನಿಂಗ್ಸ್‌ಗೆ ಆಟ ನಿಲ್ಲಿಸಿ ಬೇರೆ ದಿನ ಮತ್ತೆ ಆಡಿಸುವ ನಿಯಮ ಬಂತು. ತಮಾಷೆಯೆಂದರೆ ಅದೇ ಬೇಸಿಗೆಯಲ್ಲಿ ಕೋಶಿಯೆನ್ನಿನಲ್ಲಿ ಆ ನಿಯಮದ ಮೊದಲ ‘ಫಲಾನುಭವಿ’ಯೂ ಬಾಂದೊನೇ. 18 ಇನಿಂಗ್ಸ್ ಎಸೆದು, ಸೊನ್ನೆಗೆ ಸೊನ್ನೆ ಸಮವಾಗಿ, ಮರುದಿನ ಮತ್ತೆ ಎಸೆದು ಗೆದ್ದ.

1998ರ ಆಗಸ್ಟ್ 20. ಯೊಕೊಹಾಮಾ ಶಾಲೆಯ ಮತ್ಸುಜಾಕಾ ದೈಸುಕೆ ಎಂಬ ಹುಡುಗ 17 ಇನಿಂಗ್ಸ್‌ಗಳಲ್ಲಿ 250 ಚೆಂಡು ಎಸೆದು ತಂಡವನ್ನು ಗೆಲ್ಲಿಸಿದ. ಮರುದಿನ ಸೆಮಿಫೈನಲ್. ಅವನಿಗೆ ಬಿಡುವು ಕೊಟ್ಟು ದೂರದ ಫೀಲ್ಡಿಂಗಿಗೆ ನಿಲ್ಲಿಸಿದ್ದರು. ತಂಡ ಸೋಲುವ ಹಂತದಿಂದ ಚೇತರಿಸಿಕೊಂಡಾಗ ಕೈಗೆ ಸುತ್ತಿದ್ದ ಪಟ್ಟಿ ಕಿತ್ತು ಕೊನೆಯ ಇನಿಂಗ್ಸ್ ಎಸೆಯಲು ಬಂದ. ಅದರ ಮರುದಿನ ಫೈನಲಿನಲ್ಲಿ ಎದುರಾಳಿಗೆ ಒಂದೇ ಒಂದು ಹಿಟ್ ಕೊಡದೆ ಕಪ್ ಗೆದ್ದ. ಇಂದಿಗೂ ಜಪಾನಿನಲ್ಲಿ ಈ ಕಥೆ ಹೇಳುವಾಗ ಕಣ್ಣು ಮಿಂಚದವರಿಲ್ಲ. 2000ದಿಂದ 18ರ ಮಿತಿ 15 ಇನಿಂಗ್ಸ್‌ಗೆ ಇಳಿಯಿತು. 2018ರಲ್ಲಿ ಟೈಬ್ರೇಕ್ ಬಂತು. 2023ರಿಂದ ಹತ್ತನೆಯ ಇನಿಂಗ್ಸ್‌ಗೇ ಟೈಬ್ರೇಕ್.

ಆದರೆ ಇವೆಲ್ಲ ಪಂದ್ಯದ ಉದ್ದಕ್ಕೆ ಹಾಕಿದ ಮಿತಿ. ಹುಡುಗನ ಕೈಗೆ ಹಾಕಿದ ಮಿತಿಯಲ್ಲ.

ಒಕಿನಾವಾದ ಹುಡುಗ

ಕೋಶಿಯೆನ್ನಿನಲ್ಲಿ ಒಂದು ರೂಢಿಯಿದೆ. ಸೋತ ತಂಡದ ಹುಡುಗರು ಮೊಣಕಾಲೂರಿ ಮೈದಾನದ ಕಪ್ಪು ಮಣ್ಣನ್ನು ಬೊಗಸೆಯಲ್ಲಿ ತೆಗೆದು ಚೀಲಕ್ಕೆ ತುಂಬಿಕೊಳ್ಳುತ್ತಾರೆ. ಮನೆಗೆ ಒಯ್ದು ಜೀವಮಾನವಿಡೀ ಇಟ್ಟುಕೊಳ್ಳುತ್ತಾರೆ. ಅಳುತ್ತ ಮಣ್ಣು ತುಂಬುವ ಆ ಹುಡುಗರನ್ನು ನೋಡುವಾಗ ಯಾರ ಗಂಟಲೂ ಕಟ್ಟುತ್ತದೆ. 1958ರಲ್ಲಿ ಒಕಿನಾವಾ ದ್ವೀಪದ ಶುರಿ ಶಾಲೆ ಮೊದಲ ಸಲ ಬಂದು ಸೋತು ಮಣ್ಣು ಒಯ್ದಿತು. ಆಗ ಒಕಿನಾವಾ ಅಮೆರಿಕದ ಆಡಳಿತದಲ್ಲಿತ್ತು. ಹೊರಗಿನ ಮಣ್ಣು ತರುವಂತಿಲ್ಲ ಎಂಬ ಕಾನೂನಿನಿಂದಾಗಿ ನಾಹಾ ಬಂದರಿನಲ್ಲಿ ಅದು ಸಮುದ್ರದ ಪಾಲಾಯಿತು. ಸುದ್ದಿ ಕೇಳಿ ಮರುಗಿದ ವಿಮಾನದ ಪರಿಚಾರಿಕೆಯೊಬ್ಬಳು ಕೋಶಿಯೆನ್ನಿನ ಕಲ್ಲಿನ ಹರಳುಗಳನ್ನು ಆ ಹುಡುಗರಿಗೆ ಕಳಿಸಿಕೊಟ್ಟಳಂತೆ.

ಅದೇ ಒಕಿನಾವಾ 1991ರಲ್ಲಿ ಫೈನಲ್ ತಲುಪಿತು. ಒಕಿನಾವಾ ಮೀನುಗಾರಿಕಾ ಶಾಲೆಯ ಪಿಚರ್ ಓನೊ ರಿನ್. ಮೊಣಕೈ ನೋಯುತ್ತಿತ್ತು. ಹಿಂದಿನ ವರ್ಷ ಇದೇ ಶಾಲೆ ಫೈನಲಿನಲ್ಲಿ ಸೋತಿತ್ತು. ಇಡೀ ದ್ವೀಪ ಕಾಯುತ್ತಿತ್ತು. ಆರು ಪಂದ್ಯಗಳಲ್ಲಿ 773 ಚೆಂಡು ಎಸೆದ. ಫೈನಲಿನಲ್ಲಿ ತಂಡ 13-8ರಿಂದ ಸೋತಿತು. ಆಮೇಲೆ ನೋಡಿದರೆ ಮೊಣಕೈಯ ಮೂಳೆಯೇ ಮುರಿದಿತ್ತು. ಓನೊ ಮುಂದೆ ಬ್ಯಾಟುಗಾರನಾಗಿ ವೃತ್ತಿಪರ ತಂಡ ಸೇರಿದ. ಆದರೆ ಪಿಚರ್ ಆಗಿ ಅದೇ ಕೊನೆ. ಈ ಪ್ರಕರಣದ ನಂತರವೇ, 1990ರ ದಶಕದಲ್ಲಿ, ಕೋಶಿಯೆನ್ನಿಗೆ ಬರುವ ಪಿಚರ್‌ಗಳ ಭುಜ, ಮೊಣಕೈ ವೈದ್ಯರಿಂದ ಪರೀಕ್ಷೆಯಾಗುವ ಪದ್ಧತಿ ಬಂದದ್ದು.

ಇದನ್ನು ತಿಳಿದಾಗ ನನಗೆ ನೆನಪಾದದ್ದು ಒಕಿನಾವಾ ಅಲ್ಲ, ನನ್ನದೇ ಶಾಲೆಯ ಮೈದಾನ.

ಒಂದು ತಪ್ಪೊಪ್ಪಿಗೆ

ಸುಮಾರು ಇಪ್ಪತ್ತೈದು ವರ್ಷದ ಹಿಂದಿನ ಮಾತು. ನಮ್ಮ ಶಾಲೆಯಲ್ಲಿ ದೈಹಿಕ ಶಿಕ್ಷಕರ ಹುದ್ದೆ ಖಾಲಿಯಿತ್ತು. ವಯಸ್ಸಿನಲ್ಲಿ ಕಿರಿಯವನೆಂದು ಆಟದ ಜವಾಬ್ದಾರಿ ನನ್ನ ತಲೆಗೆ ಬಂತು. ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಬರಿಗಾಲಿನಲ್ಲಿ ಓಡಿ ಬಂದು ಚೆಂಡು ಹಾಕಿದರೆ ಸುತ್ತಿನ ನಾಲ್ಕು ಶಾಲೆಯ ಹುಡುಗರು ಹಿಂದೆ ಸರಿಯುತ್ತಿದ್ದರು. ನಮ್ಮಲ್ಲಿದ್ದ ವೇಗದ ಬೌಲರ್ ಅವನೊಬ್ಬನೇ. ಬೆಳಿಗ್ಗೆ ಅಭ್ಯಾಸ, ಸಂಜೆ ಅಭ್ಯಾಸ, ಶನಿವಾರ ಎರಡು ಪಂದ್ಯ, ಭಾನುವಾರ ಎರಡು. ಓವರ್ ಮುಗಿದ ಮೇಲೆ ಅವನು ಸೊಂಟಕ್ಕೆ ಕೈ ಇಟ್ಟುಕೊಂಡು ನಿಲ್ಲುತ್ತಿದ್ದ. ‘ಏನೋ, ನೋವಾ?’ ಎಂದರೆ ‘ಏನಿಲ್ಲ ಸಾರ್’. ನನಗೂ ಅಷ್ಟೇ ಬೇಕಾಗಿತ್ತು.

ನಾವು ಗೆದ್ದೆವು. ಹೆಡ್‌ಮಾಸ್ಟರ ಕೋಣೆಯ ಗಾಜಿನ ಬೀರುವಿನಲ್ಲಿ ಆ ಕಪ್ ಈಗಲೂ ಇದೆ. ಎರಡು ತಿಂಗಳ ನಂತರ ಹುಡುಗನಿಗೆ ಬಗ್ಗಿ ಪುಸ್ತಕ ಎತ್ತಲಾಗದ ಸ್ಥಿತಿ. ಬೆನ್ನುಮೂಳೆಯ ಕೆಳಭಾಗದಲ್ಲಿ ಬಿರುಕು ಎಂದರು ಡಾಕ್ಟರು. ಬೆಳೆಯುವ ವಯಸ್ಸಿನ ವೇಗದ ಬೌಲರ್‌ಗಳಿಗೆ ಇದು ಬರುವುದುಂಟೆಂದು ನನಗೆ ಗೊತ್ತಾದದ್ದು ಆವತ್ತು. ಅವನು ಮತ್ತೆ ಬೌಲ್ ಮಾಡಲಿಲ್ಲ. ಈಗ ಸ್ವಂತ ಅಂಗಡಿಯಿದೆ. ಅಕ್ಕಿ ಮೂಟೆ ಎತ್ತಲು ಆಳನ್ನು ಕರೆಯುತ್ತಾನೆ. ಸಿಕ್ಕಾಗಲೆಲ್ಲ ‘ಸಾರ್, ನಾವು ಕಪ್ ಗೆದ್ದೆವಲ್ಲ’ ಎಂದು ಸಂತೋಷದಿಂದಲೇ ನೆನೆಯುತ್ತಾನೆ. ಅವನು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ವಿಜ್ಞಾನದ ಮೇಷ್ಟ್ರು ನಾನು. ಬಲ, ಒತ್ತಡ, ಪೀಡನ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದವನು. ಮೈದಾನಕ್ಕೆ ಇಳಿದಾಗ ಅದೆಲ್ಲ ಎಲ್ಲಿ ಹೋಗಿತ್ತು?

ತಂತಿಯ ಪಾಠ

ತರಗತಿಯಲ್ಲಿ ಈಗ ನಾನು ಮಾಡಿ ತೋರಿಸುವ ಒಂದು ಪ್ರಯೋಗ ಇದೆ. ಕಟ್ಟುವ ತಂತಿಯ ಒಂದು ತುಂಡು ತೆಗೆದುಕೊಳ್ಳಿ. ಎಳೆದು ತುಂಡು ಮಾಡಲು ಪೈಲ್ವಾನನೇ ಬೇಕು. ಆದರೆ ಒಂದೇ ಜಾಗದಲ್ಲಿ ಹಿಂದೆ ಮುಂದೆ ಬಗ್ಗಿಸುತ್ತ ಹೋಗಿ. ಐದನೆಯ ತರಗತಿಯ ಮಗು ಕೂಡ ತುಂಡರಿಸುತ್ತದೆ. ಕೊನೆಯ ಸಲ ಬಗ್ಗಿಸಿದ್ದರಿಂದ ತಂತಿ ತುಂಡಾಯಿತು ಅನ್ನಿಸುತ್ತದೆ. ನಿಜದಲ್ಲಿ ಮೊದಲ ಸಲದಿಂದಲೇ ಅದು ದಣಿಯುತ್ತಿತ್ತು.

ಚೆಂಡು ಎಸೆಯುವ ತೋಳಿನಲ್ಲೂ ನಡೆಯುವುದು ಇಂಥದ್ದೇ. ನುರಿತ ಪಿಚರನ ತೋಳು ಭುಜದಲ್ಲಿ ತಿರುಗುವ ವೇಗ ಸೆಕೆಂಡಿಗೆ 7000 ಡಿಗ್ರಿಗೂ ಹೆಚ್ಚು. ಅದೇ ವೇಗದಲ್ಲಿ ಇಡೀ ಒಂದು ಸೆಕೆಂಡು ತಿರುಗಲು ಸಾಧ್ಯವಿದ್ದರೆ ಹತ್ತೊಂಬತ್ತು ಸುತ್ತು ಬರುತ್ತಿತ್ತು! ಆ ಕ್ಷಣದಲ್ಲಿ ಮೊಣಕೈಯ ಒಳಬದಿ ಬಾಯಿ ತೆರೆಯುವಂತೆ ಎಳೆಯಲ್ಪಡುತ್ತದೆ. ಅದನ್ನು ಹಿಡಿದಿಡುವುದು ಬೆರಳಗಲದ ಒಂದು ಅಸ್ಥಿರಜ್ಜು. ಜೊತೆಗೆ ಸುತ್ತಲಿನ ಸ್ನಾಯುಗಳು. ಸ್ನಾಯು ದಣಿದಂತೆ ಹೊರೆಯೆಲ್ಲ ಅಸ್ಥಿರಜ್ಜುವಿನ ಮೇಲೆ ಬೀಳುತ್ತದೆ. ದೊಡ್ಡವರಲ್ಲಿ ಅದು ಹರಿಯುತ್ತದೆ. 1974ರಲ್ಲಿ ಅಮೆರಿಕದ ಡಾ. ಫ್ರಾಂಕ್ ಜೋಬ್ ಅವರು ಟಾಮಿ ಜಾನ್ ಎಂಬ ಪಿಚರನಿಗೆ ದೇಹದ ಬೇರೆ ಕಡೆಯ ಸ್ನಾಯುರಜ್ಜು ತೆಗೆದು ಇಲ್ಲಿ ಜೋಡಿಸಿ ಆಟಕ್ಕೆ ಮರಳಿಸಿದರು. ಇವತ್ತಿಗೂ ಆ ಶಸ್ತ್ರಕ್ರಿಯೆಗೆ ಆಟಗಾರನದೇ ಹೆಸರು.

ಮಕ್ಕಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅವರ ಮೂಳೆಯ ತುದಿಗಳಲ್ಲಿ ಬೆಳವಣಿಗೆಗೆಂದು ಮೃದ್ವಸ್ಥಿಯ ಪಟ್ಟಿ ಇರುತ್ತದೆ. ಹದಿಹರೆಯ ಮುಗಿಯುತ್ತ ಬಂದಾಗ ಅದು ಗಟ್ಟಿ ಮೂಳೆಯಾಗುತ್ತದೆ. ಅಲ್ಲಿಯವರೆಗೆ ಅದೇ ಅತ್ಯಂತ ದುರ್ಬಲ ಜಾಗ. ಹಗ್ಗ ಹರಿಯುವ ಮುನ್ನ ಗೂಟವೇ ಕಿತ್ತು ಬರುವ ಹಾಗೆ ಅಸ್ಥಿರಜ್ಜು ಅಂಟಿಕೊಂಡಿರುವ ಮೂಳೆಯ ತುದಿಯೇ ಸಡಿಲವಾಗಬಹುದು.

ತಂತಿಗೂ ಮಗುವಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ತಂತಿ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳಲಾರದು. ಮೂಳೆ, ರಜ್ಜು ಮಾಡಿಕೊಳ್ಳುತ್ತವೆ, ಬಿಡುವು ಸಿಕ್ಕರೆ. ಚೆಂಡಿನ ಲೆಕ್ಕದ ನಿಯಮದ ಗುಟ್ಟೆಲ್ಲ ಇಷ್ಟೇ: ಇಷ್ಟು ಬಗ್ಗಿಸು, ಇಷ್ಟು ದಿನ ಬಿಡು.

ಅಮೆರಿಕದ ಬರ್ಮಿಂಗ್‌ಹ್ಯಾಮ್‌ನ ಸಂಶೋಧಕರು 9ರಿಂದ 14 ವರ್ಷದ 481 ಪಿಚರ್‌ಗಳನ್ನು ಹತ್ತು ವರ್ಷ ಗಮನಿಸಿ 2011ರಲ್ಲಿ ವರದಿ ಪ್ರಕಟಿಸಿದರು. ವರ್ಷಕ್ಕೆ 100 ಇನಿಂಗ್ಸ್‌ಗಿಂತ ಹೆಚ್ಚು ಎಸೆದವರಿಗೆ ಗಂಭೀರ ಪೆಟ್ಟಿನ ಸಾಧ್ಯತೆ ಮೂರೂವರೆ ಪಟ್ಟು. ಅದೇ ಬಳಗದ 2006ರ ಇನ್ನೊಂದು ಅಧ್ಯಯನ, ಶಸ್ತ್ರಕ್ರಿಯೆಯಾದ ಹುಡುಗರನ್ನು ಆಗದವರೊಂದಿಗೆ ಹೋಲಿಸಿ, ತೋಳು ದಣಿದಿದ್ದರೂ ಮತ್ತೆ ಮತ್ತೆ ಎಸೆಯುವವರಿಗೆ ಅಪಾಯ 36 ಪಟ್ಟು ಎಂದಿತು. ಅಮೆರಿಕದ ಮಕ್ಕಳ ಬೇಸ್‌ಬಾಲ್ ಸಂಸ್ಥೆ ಲಿಟಲ್ ಲೀಗ್ 2007ರಲ್ಲೇ ದಿನಕ್ಕೆ ಇಷ್ಟೇ ಚೆಂಡು ಎಂದು ನಿಗದಿ ಮಾಡಿತ್ತು. 9-10 ವರ್ಷದವರಿಗೆ 75, 11-12ರವರಿಗೆ 85, 13ರಿಂದ 16ರವರಿಗೆ 95, 17-18ರವರಿಗೆ 105. ಹದಿನಾಲ್ಕರೊಳಗಿನ ಹುಡುಗ 66 ಅಥವಾ ಅದಕ್ಕಿಂತ ಹೆಚ್ಚು ಎಸೆದರೆ ನಾಲ್ಕು ದಿನ ದಿಬ್ಬ ಹತ್ತುವಂತಿಲ್ಲ. ತಂದೆ ಬೇಡಿಕೊಂಡರೂ ಇಲ್ಲ, ಮಗ ಅತ್ತರೂ ಇಲ್ಲ.

ವಾರಕ್ಕೆ ಐನೂರು

ಜಪಾನ್ ಇಷ್ಟು ಬೇಗ ಒಪ್ಪಲಿಲ್ಲ. 2018ರಲ್ಲಿ ಉತ್ತರದ ಅಕಿತಾದ ಕನಾಆಶಿ ಕೃಷಿ ಶಾಲೆ ಫೈನಲಿಗೆ ಬಂತು. ರೈತರ ಮಕ್ಕಳು ಓದುವಂಥ ಸರ್ಕಾರಿ ಶಾಲೆ. ಎದುರಿಗೆ ಹೆಸರಾಂತ ಒಸಾಕಾ ತೋಇನ್. ದೇಶವೆಲ್ಲ ಅಕಿತಾ ಹುಡುಗರ ಪರ. ಅವರ ಪಿಚರ್ ಯೋಶಿದಾ ಕೋಸೆ ಪ್ರಾಂತದ ಪಂದ್ಯಗಳಲ್ಲಿ 636, ಕೋಶಿಯೆನ್ನಿನಲ್ಲಿ 881, ಒಟ್ಟು 1517 ಚೆಂಡು ಎಸೆದಿದ್ದ. ಫೈನಲಿನಲ್ಲಿ ತೋಳು ಕೈಕೊಟ್ಟಿತು. ಐದು ಇನಿಂಗ್ಸ್‌ಗೆ ಇಳಿಸಿದರು. 13-2ರಿಂದ ಸೋಲು. ಚಪ್ಪಾಳೆಯ ನಡುವೆಯೇ ‘ಇದು ಸರಿಯೇ?’ ಎಂಬ ಪ್ರಶ್ನೆಯೂ ಎದ್ದಿತು.

ಆ ವರ್ಷದ ಡಿಸೆಂಬರಿನಲ್ಲಿ ನಿಗಾಟಾ ಪ್ರಾಂತದ ಬೇಸ್‌ಬಾಲ್ ಮಂಡಳಿ ಒಂದು ಪಂದ್ಯಕ್ಕೆ 100 ಚೆಂಡು ಎಂಬ ಮಿತಿ ಘೋಷಿಸಿತು. ರಾಷ್ಟ್ರೀಯ ಮಂಡಳಿ ಮರುಚಿಂತನೆಗೆ ಹೇಳಿತು; ನಿಗಾಟಾ ಹಿಂದೆ ಸರಿಯಿತು. ವಿರೋಧಕ್ಕೆ ಕಾರಣ ಇರಲಿಲ್ಲವೆಂದಲ್ಲ. ದೊಡ್ಡ ಖಾಸಗಿ ಶಾಲೆಗಳಲ್ಲಿ ನಾಲ್ಕೈದು ಪಿಚರ್‌ಗಳು. ಹಳ್ಳಿಯ ಶಾಲೆಗೆ ಒಬ್ಬನೇ. ಮಿತಿ ಹಾಕಿದರೆ ಬಡ ಶಾಲೆಗೇ ಪೆಟ್ಟು. ಒಬ್ಬನೇ ಬೌಲರ್ ಇದ್ದ ಶಾಲೆಯವನಾದ ನನಗೆ ಈ ಮಾತಿನ ತೂಕ ಗೊತ್ತು. ಆದರೆ ಒಂದು ಮರುಪ್ರಶ್ನೆಯೂ ಇದೆ. ಬಡ ಶಾಲೆಯ ಬಡತನದ ಹೊರೆಯನ್ನು ಒಬ್ಬ ಹುಡುಗನ ಮೊಣಕೈ ಹೊರಬೇಕೆ?

ಕೊನೆಗೆ ತಜ್ಞರ ಸಮಿತಿ ಕೂತು, 2019ರ ನವೆಂಬರಿನಲ್ಲಿ ತೀರ್ಮಾನವಾಯಿತು: ಒಬ್ಬ ಪಿಚರ್ ಒಂದು ವಾರದಲ್ಲಿ 500 ಚೆಂಡು ದಾಟುವಂತಿಲ್ಲ. 2020ರಲ್ಲಿ ಕೊರೋನಾದಿಂದ ಪಂದ್ಯಾವಳಿಗಳೇ ರದ್ದಾದವು. ಹಾಗಾಗಿ ಕೋಶಿಯೆನ್ನಿನ ಪಂದ್ಯಾವಳಿಯಲ್ಲಿ ಈ ಲೆಕ್ಕ ಮೊದಲು ನಡೆದದ್ದು 2021ರ ವಸಂತದಲ್ಲಿ. ನನ್ನ ದೃಷ್ಟಿಯಲ್ಲಿ ಇದು ಸಡಿಲ ನಿಯಮ. ದಿನದ ಮಿತಿಯಿಲ್ಲ, ಸತತ ಎರಡು ದಿನ 150ರಂತೆ ಎಸೆದರೂ ನಿಯಮ ಮುರಿಯುವುದಿಲ್ಲ. ಅಭ್ಯಾಸದ ಚೆಂಡು ಲೆಕ್ಕಕ್ಕೇ ಇಲ್ಲ. ಆದರೂ ಲೆಕ್ಕ ಬರೆಯುವ ರೂಢಿ ಬಂತಲ್ಲ, ಅದು ದೊಡ್ಡದು. ಸಂಖ್ಯೆ ಕಣ್ಣೆದುರು ಬಂದಾಗ ತರಬೇತುದಾರನೂ ಯೋಚಿಸುತ್ತಾನೆ, ಪ್ರೇಕ್ಷಕನೂ ಯೋಚಿಸುತ್ತಾನೆ. ನನ್ನ ಪಕ್ಕದ ಅಜ್ಜನ ನೋಟ್‌ಬುಕ್ಕಿನ ಅರ್ಥ ಆಗ ನನಗೆ ಹೊಳೆಯಿತು. 2024ರಲ್ಲಿ ಕಪ್ ಗೆದ್ದ ಕ್ಯೋಟೊ ಕೊಕುಸಾಯ್ ಶಾಲೆ ಇಬ್ಬರು ಎಡಗೈ ಪಿಚರ್‌ಗಳ ನಡುವೆ ಹೊರೆ ಹಂಚಿಯೇ ಗೆದ್ದಿತು.

ಆಡಿಸದೇ ಇದ್ದ ಮೇಷ್ಟ್ರು

ಈ ಪ್ರವಾಸದಲ್ಲಿ ಕೇಳಿದ ಕಥೆಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಕೋಶಿಯೆನ್ನಿಗೆ ಬಾರದೇ ಹೋದ ತಂಡದ ಕಥೆ. ಇವಾತೆ ಪ್ರಾಂತದ ಓಫುನಾತೊ ಸರ್ಕಾರಿ ಶಾಲೆ. ಅಲ್ಲಿನ ಸಸಾಕಿ ರೋಕಿ ಹೈಸ್ಕೂಲಿನಲ್ಲಿರುವಾಗಲೇ ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿ ಎಸೆಯುತ್ತಿದ್ದ. 2019ರ ಜುಲೈ 21ರಂದು 12 ಇನಿಂಗ್ಸ್‌ಗಳಲ್ಲಿ 194 ಚೆಂಡು. 24ರ ಸೆಮಿಫೈನಲಿನಲ್ಲಿ 129. 25ರಂದು ಪ್ರಾಂತದ ಫೈನಲ್. ಗೆದ್ದರೆ 35 ವರ್ಷದ ನಂತರ ಶಾಲೆ ಕೋಶಿಯೆನ್ನಿಗೆ.

ತರಬೇತುದಾರ ಕೊಕುಬೊ ಯೋಹೆ ಅವನನ್ನು ಆಡಿಸಲೇ ಇಲ್ಲ. ಪೆಟ್ಟಾಗುವ ಅಪಾಯವಿದೆ ಎಂದರು. ತಂಡ 12-2ರಿಂದ ಸೋತಿತು. ಶಾಲೆಗೆ ಬೈಗುಳದ ಫೋನುಗಳ ಸುರಿಮಳೆ. ನೆರೆಯವರು, ಹಳೆಯ ವಿದ್ಯಾರ್ಥಿಗಳು, ಪರಿಚಯವೇ ಇಲ್ಲದವರು. ಆಗ ಜಾರಿಯಲ್ಲಿ ಯಾವ ನಿಯಮವೂ ಇರಲಿಲ್ಲ ಎಂಬುದನ್ನು ಗಮನಿಸಿ. ನಿಯಮ ಇದ್ದಿದ್ದರೆ ಆ ಒಬ್ಬ ಮನುಷ್ಯ ಇಡೀ ಊರಿನ ಸಿಟ್ಟನ್ನು ಹೊರಬೇಕಾಗಿರಲಿಲ್ಲ. ನಿಯಮ ಎಂಬುದು ಮಗುವನ್ನಷ್ಟೇ ಅಲ್ಲ, ಮಗುವಿನ ಪರ ನಿಲ್ಲುವ ಹಿರಿಯನನ್ನೂ ಕಾಯುತ್ತದೆ.

2022ರ ಏಪ್ರಿಲ್ 10ರಂದು, ಇಪ್ಪತ್ತರ ಹರೆಯದ ಸಸಾಕಿ ವೃತ್ತಿಪರ ಪಂದ್ಯವೊಂದರಲ್ಲಿ ಎದುರಾಳಿಯ ಒಬ್ಬನನ್ನೂ ಬೇಸ್ ತಲುಪಲು ಬಿಡದೆ 19 ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿದ. ಮುಂದಿನ ವಾರವೂ ಎಂಟು ಇನಿಂಗ್ಸ್ ಹಾಗೇ ಎಸೆದಿದ್ದಾಗ 102 ಚೆಂಡಿಗೆ ಅವನನ್ನು ಇಳಿಸಿದರು. ಹಾಗೆಂದು ಮಿತಿ ಮಂತ್ರದಂಡವೇನಲ್ಲ. 2025ರಲ್ಲಿ ಅಮೆರಿಕದ ಡಾಡ್ಜರ್ಸ್ ತಂಡ ಸೇರಿದ ಅವನು ಭುಜದ ನೋವಿನಿಂದ ತಿಂಗಳುಗಟ್ಟಲೆ ಹೊರಗುಳಿದು ಆಮೇಲೆ ಮರಳಿದ. ಮಿತಿ ಅಪಾಯವನ್ನು ಕಡಿಮೆ ಮಾಡುತ್ತದೆ, ಇಲ್ಲವಾಗಿಸುವುದಿಲ್ಲ. ಹೆಲ್ಮೆಟ್ ಹಾಕಿಕೊಂಡವನೂ ಬೀಳುತ್ತಾನೆ. ಅದಕ್ಕಾಗಿ ಹೆಲ್ಮೆಟ್ ಬೇಡವೆನ್ನುತ್ತೇವೆಯೇ?

‘ಮತ್ಸುಜಾಕಾ 250 ಎಸೆಯಲಿಲ್ಲವೇ? ಆಮೇಲೆ ದೊಡ್ಡ ಆಟಗಾರ ಆಗಲಿಲ್ಲವೇ?’ ಎಂದು ಅಲ್ಲಿ ಕೇಳುವವರಿದ್ದಾರಂತೆ. ಆಗಿದ್ದು ನಿಜ. ಅಮೆರಿಕದವರೆಗೂ ಹೋಗಿ ಆಡಿದ. 2011ರಲ್ಲಿ ಅವನ ಮೊಣಕೈಗೂ ಶಸ್ತ್ರಕ್ರಿಯೆಯಾಯಿತು, ಅದೂ ನಿಜ. ಆದರೆ ಈ ವಾದದಲ್ಲಿ ದೋಷವಿದೆ. ಉಳಿದುಕೊಂಡವನ ಹೆಸರು ಎಲ್ಲರಿಗೂ ಗೊತ್ತು. ಉಳಿಯದವನು ಎಲ್ಲೋ ಅಂಗಡಿ ಇಟ್ಟುಕೊಂಡಿರುತ್ತಾನೆ. ಅವನನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ‘ನಾವು ಏಟು ತಿಂದೇ ಕಲಿತದ್ದು, ರಾತ್ರಿ ಎರಡರವರೆಗೆ ಓದಿಯೇ ರ‍್ಯಾಂಕ್ ಬಂದದ್ದು’ ಎನ್ನುವ ತಂದೆ ತಾಯಿಗಳೂ ಇದೇ ತಪ್ಪು ಮಾಡುತ್ತೇವೆ. ದಾಟಿದವರನ್ನು ಎಣಿಸುತ್ತೇವೆ, ಮುಳುಗಿದವರನ್ನಲ್ಲ.

ಅಂದು ಸಂಜೆ ಸಮುದ್ರದ ಗಾಳಿ ಎದ್ದಿತ್ತು. ಕೊನೆಯ ಪಂದ್ಯದ ಸೈರನ್ ಕೂಗಿತು. ಗೆದ್ದವರು ತಮ್ಮ ಶಾಲೆಯ ಹಾಡು ಹಾಡಿದರು. ಸೋತವರು ಮಣ್ಣಿಗೆ ಬಾಗಿದರು. ಅವರ ಪಿಚರ್ ಎಡಗೈಯಲ್ಲಿ ಮಣ್ಣು ತುಂಬುತ್ತಿದ್ದ, ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಅಜ್ಜ ನೋಟ್‌ಬುಕ್ ಮುಚ್ಚುವ ಮುನ್ನ ಒಟ್ಟು ಕೂಡಿಸಿ ನನಗೆ ತೋರಿಸಿದರು. ನೂರ ಮೂವತ್ತೆಂಟು. ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಊರಿಗೆ ಬಂದ ಮೇಲೆ ನಾನು ಇನ್ನೂರು ಪುಟದ ಒಂದು ನೋಟ್‌ಬುಕ್ ಕೊಂಡೆ. ನಮ್ಮ ಶಾಲೆಗೆ ಈಗ ದೈಹಿಕ ಶಿಕ್ಷಕರಿದ್ದಾರೆ, ಒಳ್ಳೆಯವರು. ಅವರಿಗೂ ಒಪ್ಪಿಗೆಯಾಯಿತು. ಅಭ್ಯಾಸದ ಚೆಂಡೂ ಸೇರಿ ಪ್ರತಿ ಬೌಲರನ ಲೆಕ್ಕವನ್ನು ಒಬ್ಬ ವಿದ್ಯಾರ್ಥಿ ಬರೆಯುತ್ತಾನೆ. ಕಳೆದ ವರ್ಷ ತಾಲ್ಲೂಕು ಪಂದ್ಯದಲ್ಲಿ ನಮ್ಮ ವೇಗದ ಬೌಲರ್ ಓಡಿ ಬಂದು ‘ಸಾರ್, ಇನ್ನೊಂದು ಓವರ್ ಕೊಡಿಸಿ, ಏನೂ ನೋವಿಲ್ಲ’ ಎಂದ. ನೋಟ್‌ಬುಕ್ ನೋಡಿದೆ. ಬೇಡ, ಸಾಕು ಎಂದೆ. ಹುಡುಗ ಮುಖ ಊದಿಸಿಕೊಂಡು ಹೋದ. ಬೇಲಿಯ ಆಚೆ ನಿಂತಿದ್ದ ಅವನ ತಂದೆಯೂ ನನ್ನನ್ನು ಒಂದು ಥರ ನೋಡಿದರು.

ಆ ಪಂದ್ಯ ನಾವು ಸೋತೆವು. ಹುಡುಗ ಈ ವರ್ಷವೂ ಬೌಲ್ ಮಾಡುತ್ತಿದ್ದಾನೆ.